ವಸಡಿನ ಉರಿಯೂತ: ಬಗೆಗಳು ಮತ್ತು ಲಕ್ಷಣಗಳು

ಹಲ್ಲು ನೋಯುವವರೆಗೆ ದಂತವೈದ್ಯರ ನೆನಪು ನಮಗೆ ಬರುವುದಿಲ್ಲ. ವಸಡಿನ ರೋಗವು ನಮ್ಮ ಈ ಸ್ವಭಾವವನ್ನು ಅರಿತುಕೊಂಡೇ ನಡೆಯುತ್ತದೆಯೋ ಎಂಬಂತೆ ಬಹುಕಾಲ ನೋವನ್ನೇ ಕೊಡುವುದಿಲ್ಲ. ನಮ್ಮ ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರು ಐವತ್ತೆರಡನೆಯ ವಯಸ್ಸಿನೊಳಗೆ ಆರು ಹಲ್ಲುಗಳನ್ನು ಕಳೆದುಕೊಂಡರು. ಆ ಆರರಲ್ಲಿ ಒಂದಕ್ಕೂ ಹುಳುಕು ತಗುಲಿರಲಿಲ್ಲ. ಹಲವು ವರ್ಷಗಳಿಂದ ಹಲ್ಲುಜ್ಜುವಾಗ ರಕ್ತ ಕಾಣುತ್ತಿತ್ತಂತೆ. ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗುತ್ತಿದ್ದರಂತೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕು ಸೇರಿದವನು. ಅವರೊಡನೆ ದಂತವೈದ್ಯರಲ್ಲಿಗೆ ಓಡಾಡಿದ ಮೇಲೆ ಓದಿ, ಕೇಳಿ ತಿಳಿದುಕೊಂಡ ವಿಷಯವನ್ನು ನಮ್ಮ ಸಂಘದ ಓದುಗರ ಮುಂದೆ ಇಡುತ್ತಿದ್ದೇನೆ.

ಆರೋಗ್ಯವಾದ ವಸಡು ತಿಳಿಗುಲಾಬಿ ಬಣ್ಣದ್ದೆಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮವರಲ್ಲಿ ಅನೇಕರ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಛಾಯೆಯದು, ಅದು ರೋಗವಲ್ಲ. ಬಣ್ಣಕ್ಕಿಂತ ನೋಡಬೇಕಾದುದು ಅಂಚನ್ನು. ಒಳ್ಳೆಯ ವಸಡಿನ ಅಂಚು ತೆಳುವಾಗಿ, ಬಿಗಿಯಾಗಿ ಹಲ್ಲನ್ನು ಅಪ್ಪಿಕೊಂಡಿರುತ್ತದೆ; ಉಜ್ಜಿದರೆ ರಕ್ತ ಬರುವುದಿಲ್ಲ. ಹಲ್ಲಿಗೂ ವಸಡಿಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಆಳದ ಸಣ್ಣ ಸಂದು ಇರುವುದು ಸಹಜ.

ಈ ಸಂದಿನ ಅಂಚಿನಲ್ಲಿ ಸೂಕ್ಷ್ಮಾಣುಗಳು ಸೇರಿ ಕಟ್ಟುವ ಅಂಟಾದ ಪೊರೆಯೇ ಪಾಚಿ. ಉರಿಯೂತಕ್ಕೆ ಇದೇ ಮುಖ್ಯ ಕಾರಣವೆಂಬುದನ್ನು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆರೋಗ್ಯವಂತರಾದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಅಷ್ಟು ಮಂದಿಗೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಅದು ಇಳಿದುಹೋಯಿತು. ಔಷಧಿಯಿಲ್ಲ, ಪಥ್ಯವಿಲ್ಲ, ಬ್ರಶ್ಶು ಮಾತ್ರ.

ಈ ಮೊದಲ ಬಗೆಗೆ ವೈದ್ಯರು ಜಿಂಜಿವೈಟಿಸ್ ಎನ್ನುತ್ತಾರೆ. ವಸಡಿನ ಅಂಚು ಕೆಂಪೇರಿ ದಪ್ಪಗಾಗುವುದು, ಹಲ್ಲುಗಳ ನಡುವಣ ತುದಿ ಊದಿಕೊಳ್ಳುವುದು, ಉಜ್ಜಿದಾಗಲೋ ಸೇಬನ್ನು ಕಚ್ಚಿದಾಗಲೋ ರಕ್ತ ಕಾಣುವುದು, ಬಾಯಿ ವಾಸನೆ ಬರುವುದು ಇದರ ಲಕ್ಷಣಗಳು. ರಕ್ತ ಬಂದ ಜಾಗವನ್ನು ಬಿಟ್ಟು ಉಳಿದೆಡೆ ಉಜ್ಜುವುದು ನಮ್ಮವರ ರೂಢಿ. ಇದರಿಂದ ರೋಗಕ್ಕೆ ಅನ್ನವಿಕ್ಕಿದಂತಾಗುತ್ತದೆ. ರಕ್ತ ಬರುವ ಜಾಗವನ್ನೇ ಮೆದುವಾದ ಬ್ರಶ್ಶಿನಿಂದ ಜೋಪಾನವಾಗಿ ಸ್ವಚ್ಛಗೊಳಿಸಬೇಕು.

ಎಲ್ಲ ಊತಕ್ಕೂ ಪಾಚಿಯೊಂದೇ ಹೊಣೆಯಲ್ಲ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ, ಇರುವ ಸ್ವಲ್ಪ ಪಾಚಿಗೇ ವಸಡು ಅತಿಯಾಗಿ ಕೆರಳುತ್ತದೆ. ಕೆಲವರಿಗೆ ಹಲ್ಲುಗಳ ಸಂದಿನಲ್ಲಿ ಕೆಂಪು ಗಂಟೊಂದು ಬೆಳೆಯುವುದುಂಟು. ಇದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಬಹುಮಟ್ಟಿಗೆ ಕುಗ್ಗುತ್ತದೆ. ಬಸುರಿಯರು ಹಲ್ಲನ್ನು ಸ್ವಚ್ಛ ಮಾಡಿಸಿಕೊಳ್ಳಬಾರದೆಂದು ಹಿರಿಯರು ತಡೆಯುವುದಕ್ಕೆ ಆಧಾರವಿಲ್ಲ. ನಡುವಣ ಮೂರು ತಿಂಗಳು ಅದಕ್ಕೆ ಅನುಕೂಲವಾದ ಕಾಲ.

ಇನ್ನೊಂದು ಬಗೆ ಔಷಧಿಗಳಿಂದ ಬರುವುದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಮತ್ತು ಅಮ್ಲೋಡಿಪಿನ್, ಮೂತ್ರಪಿಂಡ ಬದಲಾಯಿಸಿಕೊಂಡವರು ಸೇವಿಸುವ ಸೈಕ್ಲೋಸ್ಪೋರಿನ್, ಇವುಗಳಿಂದ ಕೆಲವರ ವಸಡು ಬೆಳೆದು ಹಲ್ಲನ್ನೇ ಮುಚ್ಚತೊಡಗುತ್ತದೆ. ನಮ್ಮ ವಯಸ್ಸಿನವರಲ್ಲಿ ಅಮ್ಲೋಡಿಪಿನ್ ಸೇವಿಸುವವರು ಎಷ್ಟು ಮಂದಿಯಿಲ್ಲ! ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರಿಗೆ ವಿಷಯ ತಿಳಿಸಿದರೆ ಬದಲಿ ಔಷಧಿಯನ್ನು ಯೋಚಿಸುತ್ತಾರೆ.

‘ಸಿ’ ಜೀವಸತ್ವದ ಕೊರತೆಯಿಂದ ವಸಡು ಊದಿ ರಕ್ತ ಸುರಿಯುವ ಸ್ಕರ್ವಿ ರೋಗವು ಹಿಂದೆ ನಾವಿಕರನ್ನು ಕಾಡುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಕಿತ್ತಳೆ, ನಿಂಬೆಗಳಿಂದ ಅದು ಗುಣವಾಗುವುದನ್ನು ಕಂಡುಕೊಂಡನು. ಇಂದು ಅದು ಅಪರೂಪ. ವಸಡಿನ ತುದಿಗಳು ಹುಣ್ಣಾಗಿ ಕೊಳೆತು, ತೀವ್ರ ನೋವು ಮತ್ತು ದುರ್ವಾಸನೆಯೊಡನೆ ಬರುವ ಬಗೆಯೊಂದಿದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೆ ಬಂದುದರಿಂದ ಅದಕ್ಕೆ ‘ಕಂದಕದ ಬಾಯಿ’ ಎಂಬ ಹೆಸರಾಯಿತು. ಇಲ್ಲಿಯ ಜನ ‘ಅಕ್ಕಲ್ ದಾಢ್’ ಎನ್ನುವ ಬುದ್ಧಿಹಲ್ಲಿನ ಮೇಲಿನ ವಸಡು ಊದಿ ಬಾಯಿ ತೆರೆಯದಂತಾಗುವುದೂ ಉಂಟು. ಇವೆರಡು ನೋಯುತ್ತವೆಯಾದ್ದರಿಂದ ರೋಗಿ ತಾನಾಗಿಯೇ ವೈದ್ಯರಲ್ಲಿಗೆ ಓಡುತ್ತಾನೆ. ಕಾರಣವಿಲ್ಲದೆ ವಸಡು ಊದಿ, ಜ್ವರ, ನಿಶ್ಶಕ್ತಿ, ಮೈಮೇಲೆ ರಕ್ತದ ಕಲೆಗಳು ಜೊತೆಗೂಡಿದರೆ ಮಾತ್ರ ತಡಮಾಡದೆ ರಕ್ತಪರೀಕ್ಷೆಯಾಗಬೇಕು. ರಕ್ತದ ಕ್ಯಾನ್ಸರ್ ಹೀಗೆ ಮೊದಲು ಬಾಯಲ್ಲಿ ಕಾಣಿಸಿಕೊಳ್ಳುವುದುಂಟು.

ಇನ್ನು ನಿಜವಾದ ಅಪಾಯದ ಮಾತು. ಉಜ್ಜದೆ ಬಿಟ್ಟ ಪಾಚಿಯು ಜೊಲ್ಲಿನಲ್ಲಿರುವ ಖನಿಜಗಳಿಂದ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ನಾಲಿಗೆ ಆಡಿಸಿದರೆ ಒರಟಾಗಿ ತಗಲುವುದು ಇದೇ. ಬ್ರಶ್ಶಿಗೆ ಇದು ಜಗ್ಗದು. ಇದರ ಆಸರೆಯಲ್ಲಿ ಉರಿಯೂತವು ಒಳಕ್ಕಿಳಿದು, ವಸಡು ಹಲ್ಲಿನಿಂದ ಬಿಟ್ಟು, ಸಂದು ಆಳವಾದ ಚೀಲವಾಗುತ್ತದೆ. ಹಲ್ಲನ್ನು ಹಿಡಿದ ದವಡೆಯ ಮೂಳೆ ಕರಗತೊಡಗುತ್ತದೆ. ಇದು ಪೆರಿಯೊಡಾಂಟೈಟಿಸ್, ಹಳಬರ ಮಾತಿನ ಪಯೋರಿಯಾ. ವಸಡು ಕೆಳಗಿಳಿದು ಹಲ್ಲು ಉದ್ದವಾದಂತೆ ಕಾಣುವುದು, ಒತ್ತಿದರೆ ಕೀವು ಬರುವುದು, ಹಲ್ಲುಗಳ ನಡುವೆ ಸಂದು ಬಿಡುವುದು, ಕೊನೆಗೆ ಅಲುಗಾಡುವುದು ಇದರ ಚಿಹ್ನೆಗಳು. 2017ರ ಅಂತರರಾಷ್ಟ್ರೀಯ ತಜ್ಞರ ಸಮಾವೇಶವು ರೂಪಿಸಿದ ವರ್ಗೀಕರಣದಂತೆ ನಷ್ಟದ ಪ್ರಮಾಣ ಮತ್ತು ಚಿಕಿತ್ಸೆಯ ಜಟಿಲತೆಯನ್ನು ಅನುಸರಿಸಿ ನಾಲ್ಕು ಹಂತಗಳನ್ನೂ, ರೋಗ ಮುಂದುವರಿಯುವ ವೇಗವನ್ನು ಅನುಸರಿಸಿ ಮೂರು ದರ್ಜೆಗಳನ್ನೂ ಮಾಡಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಿಂಜಿವೈಟಿಸ್ ಬಡ್ಡಿಯನ್ನಷ್ಟೇ ತಿನ್ನುತ್ತದೆ, ಇದು ಅಸಲಿಗೇ ಕೈ ಹಾಕುತ್ತದೆ. ಚಿಕಿತ್ಸೆಯಿಂದ ರೋಗವನ್ನು ತಡೆದು ನಿಲ್ಲಿಸಬಹುದು. ಹೋದ ಮೂಳೆ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಮಧುಮೇಹವಿದ್ದವರಲ್ಲಿ ಈ ನಷ್ಟ ಬೇಗ ಸಾಗುತ್ತದೆ. ವಸಡಿನ ಸೋಂಕೂ ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ನನ್ನ ಸಹೋದ್ಯೋಗಿಯ ಕಥೆ ಇದೇ ಆಗಿತ್ತು. ಧೂಮಪಾನಿಗಳ ಸ್ಥಿತಿ ಇನ್ನೂ ಮೋಸದ್ದು. ಅವರ ವಸಡಿನಲ್ಲಿ ರಕ್ತಸಂಚಾರ ಕುಂದುವುದರಿಂದ ರಕ್ತಸ್ರಾವವೆಂಬ ಎಚ್ಚರಿಕೆಯೇ ಕಾಣದೆ ಒಳಗೆ ಮೂಳೆ ಸವೆಯುತ್ತದೆ. ಮಹಾರಾಷ್ಟ್ರದಲ್ಲಿ ಹುರಿದ ಹೊಗೆಸೊಪ್ಪಿನ ಪುಡಿಯಾದ ಮಶೇರಿಯನ್ನು ವಸಡಿಗೆ ತಿಕ್ಕುವ ಅಭ್ಯಾಸವಿದೆ. ನೆರೆಹೊರೆಯ ಸಲಹೆಯಿಂದ ನಮ್ಮ ಹೆಂಗಸರೂ ಕೆಲವರು ಹಿಡಿದುದುಂಟು. ಅದು ಹಲ್ಲಿಗೆ ಮದ್ದಲ್ಲ, ಬಾಯಿಯ ಕ್ಯಾನ್ಸರಿಗೆ ದಾರಿ.

ಯಂತ್ರದಿಂದ ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಮೊದಲೇ ಸಡಿಲಗೊಂಡ ಹಲ್ಲುಗಳನ್ನು ಕಿಟ್ಟವು ಗಾರೆಯಂತೆ ಒಂದಕ್ಕೊಂದು ಬೆಸೆದಿರುತ್ತದೆ. ಅದು ಹೋದಾಗ ಇದ್ದ ಸಡಿಲ ಬಯಲಾಗುತ್ತದೆ, ಅಷ್ಟೆ. ಊತ ಇಳಿದಮೇಲೆ ಕೆಲವು ದಿನ ತಣ್ಣೀರು ಜುಮ್ಮೆನ್ನಿಸುವುದೂ ಸಹಜ. ಮುಂಬಯಿಯಲ್ಲಿ ವೆಚ್ಚಕ್ಕೆ ಹೆದರುವವರು ನಾಯರ್ ಆಸ್ಪತ್ರೆಯ ದಂತ ಕಾಲೇಜಿಗೋ ಕೋಟೆ ಭಾಗದ ಸರ್ಕಾರಿ ದಂತ ಕಾಲೇಜಿಗೋ ಹೋಗಬಹುದು; ಖರ್ಚು ಕಡಿಮೆ, ಸರದಿ ಮಾತ್ರ ಉದ್ದ. ಹೋದಾಗ ಕಿಟ್ಟ ತೆಗೆಸಿ ಬರುವುದಷ್ಟೇ ಅಲ್ಲ, ವಸಡಿನ ಸಂದುಗಳ ಆಳವನ್ನು ಅಳೆಯುವಂತೆ ಕೇಳಿಕೊಳ್ಳಬೇಕು. ಗುರುತು ಹಾಕಿದ ಸಣ್ಣ ಸಲಾಕೆಯೊಂದರಿಂದ ಮಾಡುವ ಪರೀಕ್ಷೆಯಿದು. ನಾಲ್ಕು ಮಿಲಿಮೀಟರಿಗಿಂತ ಹೆಚ್ಚಿನ ಅಂಕೆಗಳು ಎಲ್ಲೆಲ್ಲಿ ಬಂದವೆಂದು ಬರೆಸಿಕೊಂಡು, ಮುಂದಿನ ಸಲ ಅದೇ ಚೀಟಿಯನ್ನು ಜೊತೆಗೆ ಒಯ್ಯತಕ್ಕದ್ದು.