ಪ್ಯಾರಿಸ್ ಪಕ್ಕದಲ್ಲೇ ಇದೆ, ಆದರೆ...

“ಲಂಡನ್ನಲ್ಲಿದ್ದೀರಿ, ಪ್ಯಾರಿಸ್ಸು ನಿಮಗೆ ಪಕ್ಕದೂರು. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ರಾತ್ರಿ ಬಂದುಬಿಡಬಹುದಲ್ಲ!” ಬ್ರಿಟನ್ನಿನಲ್ಲಿ ಸಂಸಾರ ಹೂಡಿದ ಕನ್ನಡದ ಯಾವ ದಂಪತಿಯೂ ಊರಿಗೆ ಬಂದಾಗ ಈ ಮಾತು ಕೇಳಿಸಿಕೊಳ್ಳದೆ ವಾಪಸು ಹೋದದ್ದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಚಿಕ್ಕಪ್ಪ ಹೇಳುತ್ತಾರೆ, ಗೃಹಪ್ರವೇಶದಲ್ಲಿ ಸೋದರತ್ತೆ ಹೇಳುತ್ತಾರೆ. ಇನ್ನೂ ಹೋಗಿಲ್ಲ ಎಂದರೆ ಅವರ ಮುಖದಲ್ಲಿ ಒಂದು ಅನುಮಾನ ಹಾದುಹೋಗುತ್ತದೆ: ದುಡ್ಡು ಬಿಚ್ಚಲಾರದ ಜನ ಇವರು, ಪಾಪ ಆ ಹುಡುಗಿಗಾದರೂ ಆಸೆ ಇರೋದಿಲ್ವೆ?

ದೂರದ ವಿಷಯದಲ್ಲಿ ಚಿಕ್ಕಪ್ಪ ಹೇಳುವುದು ನಿಜವೇ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಯೂರೋಸ್ಟಾರ್ ಹತ್ತಿದರೆ ಎರಡೂಕಾಲು ಗಂಟೆಯಲ್ಲಿ ಪ್ಯಾರಿಸ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟು ಹೊತ್ತು. ತೊಂದರೆ ಇರುವುದು ಹತ್ತುವುದರಲ್ಲಿ. ಫ್ರಾನ್ಸಿನ ಗಡಿ ಪೊಲೀಸರು ಪ್ಯಾರಿಸ್ಸಿನಲ್ಲಿ ಕಾದಿರುವುದಿಲ್ಲ, ಲಂಡನ್ನಿನ ಆ ನಿಲ್ದಾಣದೊಳಗೇ ಕೂತಿರುತ್ತಾರೆ. ಪಾಸ್‌ಪೋರ್ಟಿಗೆ ಫ್ರಾನ್ಸಿನ ಮೊಹರು ಬೀಳುತ್ತಿದ್ದುದು ಇಂಗ್ಲೆಂಡಿನ ನೆಲದ ಮೇಲೆಯೇ. ಭಾರತದ ಪಾಸ್‌ಪೋರ್ಟಿನಲ್ಲಿ ಷೆಂಗೆನ್ ವೀಸಾ ಇಲ್ಲದಿದ್ದರೆ ಪ್ಲಾಟ್‌ಫಾರ್ಮು ಕೂಡ ಕಾಣದೆ ಮನೆಗೆ ನಡೆಯಬೇಕು. ಬ್ರಿಟನ್ನಿನಲ್ಲಿ ಎಷ್ಟು ವರ್ಷದ ಕೆಲಸದ ವೀಸಾ ಇದೆ, ಎಷ್ಟು ತೆರಿಗೆ ಕಟ್ಟಿದ್ದೀರಿ, ಕಾಯಂ ವಾಸದ ಪರವಾನಗಿ ಸಿಕ್ಕಿದೆಯೆ ಎಂಬುದೆಲ್ಲ ಆ ಗಾಜಿನ ಕಿಟಕಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಬ್ರಿಟನ್ ಷೆಂಗೆನ್ ವ್ಯವಸ್ಥೆಯಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ದೋಣಿಯ ಮೇಲೆ ತಮ್ಮ ನಡುವಿನ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಐದು ದೇಶಗಳು ಸಹಿ ಹಾಕಿದವು: ಫ್ರಾನ್ಸ್, ಅಂದಿನ ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್. 1995ರಲ್ಲಿ ಜಾರಿಗೆ ಬಂತು. 2025ರ ಆರಂಭದಲ್ಲಿ ಬಲ್ಗೇರಿಯ, ರೊಮೇನಿಯಗಳು ಪೂರ್ತಿಯಾಗಿ ಸೇರಿದ ಮೇಲೆ ಒಟ್ಟು 29 ದೇಶಗಳಾಗಿವೆ. ಐರೋಪ್ಯ ಒಕ್ಕೂಟದಲ್ಲಿ ಇಲ್ಲದ ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್‌ಲ್ಯಾಂಡ್‌ಗಳು ಇದರಲ್ಲಿವೆ. ಒಕ್ಕೂಟದಲ್ಲಿರುವ ಐರ್ಲೆಂಡ್ ಇಲ್ಲ. ಒಕ್ಕೂಟ ಬೇರೆ, ಷೆಂಗೆನ್ ಬೇರೆ ಎಂಬುದನ್ನು ಇನ್ನೊಮ್ಮೆ ಬಿಡಿಸಿ ಹೇಳುವ ಅಗತ್ಯ ಇರಲಾರದು.

ಅಗತ್ಯ ಇದೆ ಅಂತಲೇ ಕಾಣುತ್ತದೆ. ಏಕೆಂದರೆ ಮರುಕ್ಷಣ ಬರುವ ಉತ್ತರ ಇದು: “ಓ, ಬ್ರೆಕ್ಸಿಟ್ ಆಯ್ತಲ್ಲ, ಅದಕ್ಕೇ ಈಗ ಕಷ್ಟ.” ಬ್ರೆಕ್ಸಿಟ್‌ನಿಂದ ಕಷ್ಟವಾದದ್ದು ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟ ಬಿಟ್ಟಿತು. ಅದರ ಹಿಂದಿನ ದಿನವೂ ರೆಡಿಂಗ್‌ನಲ್ಲಿದ್ದ ಕನ್ನಡಿಗ ಇಂಜಿನಿಯರಿಗೆ ಪ್ಯಾರಿಸ್ಸಿಗೆ ಹೋಗಲು ವೀಸಾ ಬೇಕಿತ್ತು, ಹತ್ತು ವರ್ಷದ ಹಿಂದೆಯೂ ಬೇಕಿತ್ತು. ದಿನಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂದ ಸುದ್ದಿಯೇ ಎಲ್ಲದಕ್ಕೂ ಕಾರಣ ಎಂದುಕೊಳ್ಳುವುದು ಸುಲಭ, ಅಷ್ಟೆ.

ಈ ನಂಬಿಕೆಯ ಬೇರು ಎಲ್ಲಿದೆ? ಸಿನಿಮಾದಲ್ಲಿ ಒಂದು ಎಳೆ ಇದ್ದೀತು. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯಲ್ಲಿ ಲಂಡನ್ನಿನ ಹುಡುಗ ಹುಡುಗಿ ರೈಲು ಹತ್ತಿ ಯೂರೋಪ್ ಸುತ್ತುತ್ತಾರೆ, ಸ್ವಿಟ್ಜರ್‌ಲ್ಯಾಂಡಿನ ಹಿಮದಲ್ಲಿ ಹಾಡುತ್ತಾರೆ. ಸ್ವಿಟ್ಜರ್‌ಲ್ಯಾಂಡ್ ಷೆಂಗೆನ್ ಗುಂಪಿಗೆ ಸೇರಿದ್ದೇ 2008ರ ಡಿಸೆಂಬರಿನಲ್ಲಿ. ವೀಸಾ ಅರ್ಜಿ ತುಂಬುವುದನ್ನು ತೋರಿಸಿದ್ದರೆ ಚಿತ್ರ ಅಷ್ಟು ವರ್ಷ ಓಡುತ್ತಿರಲಿಲ್ಲ ಬಿಡಿ. ಇನ್ನೊಂದು ಎಳೆ ಜರ್ಮನಿಯ ಬಂಧುಗಳದ್ದು. ಫ್ರಾಂಕ್‌ಫರ್ಟಿನಲ್ಲೋ ಮ್ಯೂನಿಕ್ಕಿನಲ್ಲೋ ವಾಸದ ಪರವಾನಗಿ ಪಡೆದ ಭಾರತೀಯ ದಂಪತಿ ಬೇರೆ ಷೆಂಗೆನ್ ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಅವರು ಶುಕ್ರವಾರ ಸಂಜೆ ಮನಸ್ಸು ಬಂದರೆ ಶನಿವಾರ ಪ್ರಾಗ್‌ನಲ್ಲಿರುತ್ತಾರೆ, ಫೋಟೋ ಹಾಕುತ್ತಾರೆ. ಬಂಧುಬಳಗ ಅದನ್ನು ನೋಡಿ “ಫಾರಿನ್ನಲ್ಲಿರೋರು” ಎಂದು ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿಬಿಡುತ್ತದೆ.

ಲಂಡನ್ನಿನವರ ಪಾಡು ಬೇರೆ. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಲೇಬೇಕು. ಅರ್ಜಿ ಕೇಂದ್ರದಲ್ಲಿ ಸಮಯ ಸಿಗಬೇಕಲ್ಲ, ಬೇಸಿಗೆಗೆ ಮುಂಚೆ ಅದೇ ದೊಡ್ಡ ಬೇಟೆ. ರಾತ್ರಿ ಹನ್ನೆರಡಕ್ಕೆ ಗಂಡ ಒಂದು ಲ್ಯಾಪ್‌ಟಾಪಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಪುಟ ಮತ್ತೆ ಮತ್ತೆ ತೆರೆಯುತ್ತಾ ಕೂರುವ ಮನೆಗಳು ಮಿಲ್ಟನ್ ಕೀನ್ಸ್‌ನಲ್ಲೂ ಸ್ಲೌನಲ್ಲೂ ಬೇಕಷ್ಟಿವೆ. 2024ರ ಜೂನ್‌ನಿಂದ ವಯಸ್ಕರಿಗೆ ತಲಾ 90 ಯೂರೋ ಶುಲ್ಕ, ಅದರ ಮೇಲೆ ಕೇಂದ್ರದ ಸೇವಾಶುಲ್ಕ. ತಿರಸ್ಕಾರವಾದರೂ ದುಡ್ಡು ವಾಪಸಿಲ್ಲ. ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಕಂಪನಿಯ ಪತ್ರ, ಹೋಟೆಲ್ ಬುಕಿಂಗು, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ಆರೋಗ್ಯ ವಿಮೆ. ಬ್ರಿಟನ್ನಿನ ವಾಸದ ಅನುಮತಿ ಯೂರೋಪಿನಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು ಎನ್ನುತ್ತಾರೆ. ಅಂದರೆ ಬ್ರಿಟಿಷ್ ವೀಸಾ ನವೀಕರಣ ಹತ್ತಿರವಿದ್ದರೆ ರೋಮ್ ಮುಂದಕ್ಕೆ ಹೋಯಿತು. ಇಷ್ಟೆಲ್ಲ ಆಗಿ ಕೈಗೆ ಬರುವುದು ಎಷ್ಟೋ ಸಲ ಟಿಕೆಟ್ಟಿನ ದಿನಾಂಕಕ್ಕೆ ಅಳತೆ ಹಾಕಿ ಹೊಲಿದಂಥ ವೀಸಾ. ಮುಂದಿನ ರಜೆಗೆ ಮತ್ತೆ ಮೊದಲಿಂದ.

ಈಗ ಜಯನಗರದ ದೊಡ್ಡಮ್ಮನ ಕಡೆ ನೋಡಿ. ಪ್ಯಾಕೇಜ್ ಟೂರಿನಲ್ಲಿ ಅವರು ಎರಡು ಸಲ ಯೂರೋಪಿಗೆ ಹೋಗಿ ಬಂದಿದ್ದಾರೆ ಎನ್ನಿ. 2024ರ ಏಪ್ರಿಲ್ 18ರಂದು ಯೂರೋಪಿಯನ್ ಕಮಿಷನ್ ಭಾರತೀಯರಿಗೆಂದೇ ಒಂದು ನಿಯಮ ತಂದಿತು. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಎಷ್ಟು ಸಲವಾದರೂ ಹೋಗಿಬರಬಹುದಾದ ವೀಸಾ. ಅದರ ಮುಂದೆ, ಪಾಸ್‌ಪೋರ್ಟಿನ ಅವಧಿ ಇದ್ದರೆ, ಐದು ವರ್ಷದ್ದು. ಆದರೆ ಈ ಸವಲತ್ತು ಭಾರತದಲ್ಲಿ ವಾಸಿಸುತ್ತಾ ಭಾರತದಲ್ಲೇ ಅರ್ಜಿ ಹಾಕುವ ಭಾರತೀಯರಿಗೆ. ಲಂಡನ್ನಿನಲ್ಲಿ ಅರ್ಜಿ ಹಾಕುವವರಿಗೆ ಹಳೆಯ ಸಾಮಾನ್ಯ ನಿಯಮವೇ: ಎರಡು ವರ್ಷದಲ್ಲಿ ಮೂರು ವೀಸಾ ಬಳಸಿದ್ದರೆ ಒಂದು ವರ್ಷದ ವೀಸಾ, ಅದಾದ ಮೇಲೆ ಎರಡರದ್ದು, ಆಮೇಲೆ ಐದರದ್ದು. ಪ್ಯಾರಿಸ್ಸಿನಿಂದ ಎರಡೂಕಾಲು ಗಂಟೆ ದೂರದಲ್ಲಿರುವ ಮಗನಿಗಿಂತ, ಇಡೀ ಹಗಲು ವಿಮಾನದಲ್ಲಿ ಕೂರಬೇಕಾದ ದೊಡ್ಡಮ್ಮನಿಗೇ ಪ್ಯಾರಿಸ್ ಹತ್ತಿರ.

ಇನ್ನೂ ತಮಾಷೆ ಐರ್ಲೆಂಡಿನದು. ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು. ದಂಪತಿ ಅಲ್ಲಿಗೆ ವೀಸಾ ಇಲ್ಲದೆ ಹೋಗಬಹುದು, ಜೈಂಟ್ಸ್ ಕಾಸ್‌ವೇಯ ಕಲ್ಲುಕಂಬಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬಹುದು. ಅಲ್ಲಿಂದ ಡಬ್ಲಿನ್ನಿಗೆ ಬಸ್ಸು ಹತ್ತಿದರೆ ನಡುವೆ ಗೇಟಿಲ್ಲ, ಚೆಕ್‌ಪೋಸ್ಟಿಲ್ಲ. ಗಡಿ ದಾಟಿದ್ದು ಗೊತ್ತಾಗುವುದು ರಸ್ತೆಯ ಫಲಕಗಳಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ. “ಯಾರೂ ಕೇಳಲ್ಲ, ಹೋಗಿಬನ್ನಿ” ಎಂದು ಧೈರ್ಯ ಹೇಳುವವರು ಇದ್ದೇ ಇರುತ್ತಾರೆ. ಕಾನೂನಿನ ಪ್ರಕಾರ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ಐರ್ಲೆಂಡಿನ ವೀಸಾ ಬೇಕು, ಐರಿಷ್ ಪೊಲೀಸರು ಒಮ್ಮೊಮ್ಮೆ ಬಸ್ಸು ನಿಲ್ಲಿಸಿ ನೋಡುವುದೂ ಉಂಟು. ಸಿಕ್ಕಿಬಿದ್ದರೆ ಆ ದಾಖಲೆ ಮುಂದಿನ ಪ್ರತಿ ಅರ್ಜಿಯ ಬೆನ್ನು ಹತ್ತುತ್ತದೆ. ಆದರೆ ಭಾರತದಿಂದ ಬ್ರಿಟನ್ ನೋಡಲು ಬರುವ ಅಪ್ಪ ಅಮ್ಮನ ಪ್ರವಾಸಿ ವೀಸಾದ ಮೇಲೆ ‘ಬಿಐವಿಎಸ್’ ಎಂಬ ನಾಲ್ಕಕ್ಷರ ಇದ್ದರೆ, ಮೊದಲು ಬ್ರಿಟನ್ನಿಗೆ ಬಂದು ಅಲ್ಲಿಂದ ಡಬ್ಲಿನ್ನಿಗೆ ಅದೇ ವೀಸಾದಲ್ಲಿ ಹೋಗಬಹುದು. ಬ್ರಿಟನ್, ಐರ್ಲೆಂಡ್ ಸೇರಿ ಭಾರತದ ಪ್ರವಾಸಿಗರಿಗೆ 2015ರಲ್ಲಿ ತೆರೆದ ದಾರಿ ಅದು. ಟಿಕೆಟ್ ಕೊಡಿಸಿ ಕರೆಸಿಕೊಂಡ ಮಗ ಸೊಸೆ ಮಾತ್ರ ಬೆಲ್‌ಫಾಸ್ಟ್‌ನಲ್ಲೇ ಕಾಯಬೇಕು.

ಹಾಗಾದರೆ ಇವರು ಎಲ್ಲಿಗೂ ಹೋಗುವುದಿಲ್ಲವೆ? ಹೋಗುತ್ತಾರೆ, ಧಾರಾಳವಾಗಿ. ಮೊದಲನೆಯ ವರ್ಷ ಸ್ಕಾಟ್ಲೆಂಡಿನ ಸ್ಕೈ ದ್ವೀಪ, ಲೇಕ್ ಡಿಸ್ಟ್ರಿಕ್ಟ್, ಕಾರ್ನ್‌ವಾಲ್. ಅಪ್ಪ ಅಮ್ಮ ಬಂದಾಗ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರಿಂದ ನಿಂತಿರುವ ಬಸವಣ್ಣನವರ ಪ್ರತಿಮೆಯ ಮುಂದೊಂದು ಫೋಟೋ. ಆಮೇಲೆ ಟರ್ಕಿ, ಏಕೆಂದರೆ ಬ್ರಿಟನ್ನಿನ ವೀಸಾ ಅಥವಾ ವಾಸದ ಪರವಾನಗಿ ಇರುವ ಭಾರತೀಯರಿಗೆ ಟರ್ಕಿ ಆನ್‌ಲೈನಿನಲ್ಲೇ ಇ-ವೀಸಾ ಕೊಡುತ್ತದೆ. ಅಲ್ಬೇನಿಯ, ಮಾಂಟೆನೆಗ್ರೊ, ಜಾರ್ಜಿಯಗಳೂ ಆ ಕಾಗದಕ್ಕೆ ಬೆಲೆ ಕೊಟ್ಟು ಒಳಗೆ ಬಿಟ್ಟಿವೆ. ಕನ್ನಡದ ಇಷ್ಟೊಂದು ಜೋಡಿಗಳು ಒಮ್ಮಿಂದೊಮ್ಮೆಗೆ ಜಾರ್ಜಿಯದ ಟಿಬಿಲಿಸಿಯ ಚೀಸ್ ರೊಟ್ಟಿಯನ್ನು ಹೊಗಳತೊಡಗಿದ್ದು ಏಕೆಂದು ಆಶ್ಚರ್ಯಪಟ್ಟವರಿಗೆ ಇದೇ ಉತ್ತರ. ಹೋಗುವ ದೇಶವನ್ನು ಆರಿಸುವುದು ಆಸೆಯಲ್ಲ, ಪಾಸ್‌ಪೋರ್ಟು.

ಇಂಥ ದೇಶಗಳ ಪಟ್ಟಿಯೂ ಮತ್ತೊಂದು ಅವಾಂತರ. “ಯುಕೆ ವೀಸಾ ಇದ್ದರೆ ಇಷ್ಟು ದೇಶ ಫ್ರೀ” ಎಂದು ಮೂವತ್ತು ಸೆಕೆಂಡಿನ ರೀಲ್ಸು ಬರುತ್ತದೆ. ಅದರಲ್ಲಿ ವೀಸಾನೂ ವಾಸದ ಪರವಾನಗಿಯೂ ಒಂದೇ, ಇ-ವೀಸಾನೂ ವೀಸಾಮುಕ್ತವೂ ಒಂದೇ, ಹೋದ ವರ್ಷದ ನಿಯಮವೂ ಈ ವರ್ಷದ್ದೂ ಒಂದೇ. ಗಾಂಧಿಬಜಾರಿನಲ್ಲಿ ಒಂದು ಮಾವಿನಹಣ್ಣನ್ನು ಮೂಸಿ, ಒತ್ತಿ, ತಿರುಗಿಸಿ ನೋಡದೆ ಚೀಲಕ್ಕೆ ಹಾಕದ ಜನ, ಎರಡು ಲಕ್ಷ ರೂಪಾಯಿಯ ಪ್ರವಾಸವನ್ನು ಹೆಸರಿಲ್ಲದ ಒಬ್ಬನ ಮಾತು ನಂಬಿ ಬುಕ್ ಮಾಡುತ್ತಾರೆ. ಓದುಬರಹ ಇಲ್ಲದವರಲ್ಲ, ಪಿಎಚ್‌ಡಿ ಮಾಡಿದವರು. ರಾಯಭಾರ ಕಚೇರಿಯ ಪುಟದಲ್ಲಿ ನಿಯಮ ಪುಕ್ಕಟೆಯಾಗಿ, ಬಿಡಿಬಿಡಿಯಾಗಿ ಬರೆದಿರುತ್ತದೆ. ಅದರಲ್ಲಿ ಹಿನ್ನೆಲೆ ಸಂಗೀತ ಇರುವುದಿಲ್ಲ ಎಂಬುದೊಂದೇ ಅದರ ದೋಷವಿರಬೇಕು. ‘ಸುಲಭವಾಗಿ ಕೊಡೋ ದೇಶಕ್ಕೆ ಅಪ್ಲೈ ಮಾಡಿ, ಬೇರೆ ಕಡೆ ತಿರುಗಿ’ ಎಂಬ ಉಪದೇಶವೂ ಇದೇ ಸಂತೆಯದು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕೆಂದು ನಿಯಮದಲ್ಲಿ ಸ್ಪಷ್ಟವಾಗಿದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸಬಹುದು. ‘ಅಲ್ಲಿ ಬೇಕಾದಷ್ಟು ರಜೆ’: ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನು ಕೊಡುವ ಕನಿಷ್ಠ ರಜೆ 28 ದಿನ, ಇಂಗ್ಲೆಂಡಿನ ಎಂಟು ಸಾರ್ವಜನಿಕ ರಜೆಗಳನ್ನೂ ಅದರಲ್ಲೇ ಸೇರಿಸಲು ಕಂಪನಿಗೆ ಅವಕಾಶವಿದೆ, ಮೂರು ವಾರ ಊರಿಗೆ ಬಂದರೆ ಉಳಿಯುವುದು ಐದೇ ದಿನ. ‘ಆಸ್ಪತ್ರೆ ಪುಕ್ಕಟೆ’: ವೀಸಾದ ಜೊತೆಗೇ ವಯಸ್ಕರು ತಲಾ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಮುಂಗಡ ಕಟ್ಟಬೇಕು, ಮೂರು ವರ್ಷಕ್ಕೆ ಗಂಡ ಹೆಂಡತಿಗೆ 6,210 ಪೌಂಡ್. ‘ನಮ್ಮ ಲೈಸೆನ್ಸಲ್ಲೇ ಗಾಡಿ ಓಡಿಸಬಹುದು’: ಒಂದು ವರ್ಷ ಮಾತ್ರ, ಆಮೇಲೆ ಅಲ್ಲಿನ ಪರೀಕ್ಷೆ. ‘ಮಕ್ಕಳಿಗೆ ಎರಡು ವಾರ ರಜೆ ಹಾಕಿಸಿ, ಮದುವೆಗೆ ಬನ್ನಿ’: ಇಂಗ್ಲೆಂಡಿನಲ್ಲಿ ಶಾಲೆ ನಡೆಯುವ ದಿನಗಳಲ್ಲಿ ಹೀಗೆ ಮಾಡಿದರೆ ಒಂದು ಮಗುವಿಗೆ ಒಬ್ಬೊಬ್ಬ ಪೋಷಕರಿಗೂ 80 ಪೌಂಡ್ ದಂಡ, 21 ದಿನದಲ್ಲಿ ಕಟ್ಟದಿದ್ದರೆ 160. ಇಬ್ಬರು ಮಕ್ಕಳಿರುವ ಮನೆಗೆ ಇದರ ಲೆಕ್ಕ ಹಾಕಿ, ಆಮೇಲೆ ಮುಹೂರ್ತಕ್ಕೆ ಬರಲಿಲ್ಲವೆಂದು ಮುನಿಸಿಕೊಳ್ಳಿ.

ಕೊನೆಗೊಂದು ಪರಿಹಾರವನ್ನೂ ಚಿಕ್ಕಪ್ಪನೇ ಸೂಚಿಸುತ್ತಾರೆ: ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡುಬಿಡಿ, ಎರಡೂ ಇಟ್ಟುಕೊಳ್ಳಿ. ಎರಡೂ ಇಟ್ಟುಕೊಳ್ಳುವಂತಿಲ್ಲ. ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಭಾರತದ್ದು ಹೋಗುತ್ತದೆ. 1955ರ ಪೌರತ್ವ ಕಾಯ್ದೆಯಲ್ಲಿದೆ. 2022ರ ಏಪ್ರಿಲ್‌ನಲ್ಲಿ ತೆರಿಗೆಯ ವಿವಾದ ಎದ್ದಾಗ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪರವಾಗಿ ಬಂದ ಹೇಳಿಕೆಯಲ್ಲೂ ಇದೇ ಇತ್ತು: ಅವರು ಭಾರತದ ಪ್ರಜೆ, ಇನ್ನೊಂದು ಪೌರತ್ವಕ್ಕೆ ಭಾರತ ಅವಕಾಶ ಕೊಡುವುದಿಲ್ಲ. ಪತಿ ಆಗ ಬ್ರಿಟನ್ನಿನ ಹಣಕಾಸು ಸಚಿವ. ಹೀಗೆ ಒಂದೇ ಮನೆಯಲ್ಲಿ ಎರಡು ದೇಶದ ಪಾಸ್‌ಪೋರ್ಟಿರುವ ಸಂಸಾರಗಳು ಬೇಕಾದಷ್ಟಿವೆ. ಇನ್ನು ಬ್ರಿಟಿಷ್ ಪಾಸ್‌ಪೋರ್ಟಿಗಾದರೂ ಯೂರೋಪ್ ಬಾಗಿಲು ಹಾರುಹೊಡೆದಿದೆಯೆ ಎಂದರೆ, ಅವರಿಗೂ 180 ದಿನದಲ್ಲಿ 90ರ ಮಿತಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಇಇಎಸ್ ಎಂಬ ಪ್ರವೇಶ-ನಿರ್ಗಮನ ದಾಖಲೆಯ ವ್ಯವಸ್ಥೆಯಲ್ಲಿ ಮೊಹರಿನ ಬದಲು ಬೆರಳಚ್ಚು, ಮುಖದ ಚಿತ್ರ. ದಿನದ ಲೆಕ್ಕ ಇಡುವುದು ಕಂಪ್ಯೂಟರು.

ಭಾರತದ ಪಾಸ್‌ಪೋರ್ಟ್ ಬಿಟ್ಟವರಿಗೆ ಓಸಿಐ ಕಾರ್ಡ್ ಸಿಗುತ್ತದೆ, ಬಂದುಹೋಗಲು ವೀಸಾ ಬೇಡ. ಅದನ್ನೇ ‘ಡಬಲ್ ಸಿಟಿಜನ್‌ಶಿಪ್’ ಎಂದು ತಿಳಿದವರು ಸಕಲೇಶಪುರದ ಕಡೆ ತೋಟ ಹುಡುಕಲು ಹೊರಡುತ್ತಾರೆ. ಓಸಿಐಗೆ ಮತದ ಹಕ್ಕಿಲ್ಲ. ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಕ್ಕೂ ಇಲ್ಲ. ಪಾಸ್‌ಪೋರ್ಟ್ ಬದಲಿಸದ ಅನಿವಾಸಿ ಭಾರತೀಯರಿಗೂ ಜಮೀನಿನ ವಿಷಯದಲ್ಲಿ ಇದೇ ನಿಯಮ. ಕರ್ನಾಟಕ 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಿಟ್ಟಿತು, ಸರಿ. ಆದರೆ ವಿದೇಶದಲ್ಲಿ ನೆಲೆಸಿದವರನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ತೋಟ ತೋರಿಸಲು ಜೀಪು ತಂದ ಬ್ರೋಕರು ಇದನ್ನು ಹೇಳುವುದಿಲ್ಲ. “ಅದೆಲ್ಲ ಅಡ್ಜಸ್ಟ್ ಮಾಡೋಣ ಬಿಡಿ ಸಾರ್” ಎನ್ನುತ್ತಾನೆ, ಮತ್ತು ಅಡ್ವಾನ್ಸ್ ಕೇಳುತ್ತಾನೆ.