ಒಂದು ಕಾಂಡ, ಕೋಟಿ ಕವಲು

ನಾಯಿಯ ಬೆನ್ನೆಲುಬಿಗೆ ಒತ್ತಿಕೊಂಡು ಸಾಗುವ ಮಹಾಪಧಮನಿಯಿಂದ, ಸೊಂಟದ ಎರಡನೆಯ ಕಶೇರುವಿನ ಆಸುಪಾಸಿನಲ್ಲಿ, ಒಂದು ನಾಳ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಒಂದೇ ಒಂದು! ಮೂತ್ರಪಿಂಡಗಳಿಗಾದರೆ ಎಡಕ್ಕೊಂದು ಬಲಕ್ಕೊಂದು ನಾಳವಿದೆ. ಸಣ್ಣ ಕರುಳಿಗೆ ಆ ಭಾಗ್ಯವಿಲ್ಲ. ನಾಯಿಯ ಮೈಯುದ್ದದ ಸುಮಾರು ಮೂರೂವರೆ ಪಟ್ಟು ಉದ್ದದ ಆ ಕೊಳವೆ, ಮೊದಲ ತುಂಡೊಂದನ್ನು ಬಿಟ್ಟರೆ, ಪೂರ್ತಿಯಾಗಿ ಈ ಒಂಟಿ ನಾಳವನ್ನೇ ನಂಬಿ ಬದುಕುತ್ತದೆ. ಪಶುವೈದ್ಯರು ಇದನ್ನು ಕ್ರೇನಿಯಲ್ ಮೆಸೆಂಟರಿಕ್ ಅಪಧಮನಿ ಎನ್ನುತ್ತಾರೆ. ಮಹಾಪಧಮನಿ ಹೊಟ್ಟೆಯ ಅಂಗಗಳಿಗೆ ಕಳಿಸುವ ಕವಲುಗಳಲ್ಲೆಲ್ಲ ದಪ್ಪನೆಯದು ಇದೇ.

ಕರುಳನ್ನು ಬೆನ್ನಿಗೆ ತೂಗುಹಾಕಿರುವ ತೆಳುಪೊರೆ ಮೆಸೆಂಟರಿ. ಸೀರೆಯ ನೆರಿಗೆಯನ್ನು ನೆನೆಯಿರಿ: ಸೊಂಟದಲ್ಲಿ ಒಂದು ಹಿಡಿ, ಅಂಚಿನಲ್ಲಿ ಗಜಗಟ್ಟಲೆ. ಆ ಸಣ್ಣ ಹಿಡಿಯೊಳಗೇ ಅಪಧಮನಿ, ಅಭಿಧಮನಿ, ನರಗಳ ಗಂಟು, ದುಗ್ಧನಾಳ ಎಲ್ಲವೂ ತೂರಿಬರಬೇಕು. ಅಲ್ಲಿಂದ ಹನ್ನೆರಡರಿಂದ ಹದಿನೈದು ಕವಲುಗಳು ಹರಡಿಕೊಂಡು ಹೊರಡುತ್ತವೆ. ಪ್ರತಿ ಕವಲೂ ಪಕ್ಕದ ಕವಲಿನತ್ತ ಬಾಗಿ, ಕೂಡಿ, ಕಮಾನು ಕಟ್ಟುತ್ತದೆ. ಕಮಾನುಗಳಿಂದ ನೆಟ್ಟನೆಯ ಕಿರುನಾಳಗಳು ಹೊರಟು ಕರುಳಿನ ಗೋಡೆಯನ್ನು ಹೊಗುತ್ತವೆ. ಒಂದು ಕವಲು ಮುಚ್ಚಿದರೆ ರಕ್ತ ಪಕ್ಕದ ಕಮಾನಿನಿಂದ ಸುತ್ತಿ ಬರುತ್ತದೆ. ಕರುಳು ಹೊರಳಲಿ, ಜಾರಲಿ, ಉಬ್ಬಲಿ, ಎಲ್ಲೋ ಒಂದು ದಾರಿ ತೆರೆದೇ ಇರುತ್ತದೆ.

ಆದರೆ ಆ ಹಿಡಿಯೇ ತಿರುಚಿಕೊಂಡರೆ? ಜರ್ಮನ್ ಶೆಫರ್ಡ್ ಸಾಕಿದವರು ಕೇಳಿಯೇ ಇರದಿದ್ದರೆ ಒಳ್ಳೆಯದು ಅನ್ನಿಸುವ ಕಾಯಿಲೆ ಇದು, ಮೆಸೆಂಟರಿಕ್ ವಾಲ್ವ್ಯುಲಸ್. ಇಡೀ ಕರುಳು ತನ್ನ ಬುಡದ ಸುತ್ತ ತಿರುಗಿಬಿಡುತ್ತದೆ. ತೆಳುಗೋಡೆಯ ಅಭಿಧಮನಿ ಮೊದಲು ಅಮುಕಿಕೊಳ್ಳುತ್ತದೆ. ಅಪಧಮನಿ ಇನ್ನೂ ರಕ್ತ ದಬ್ಬುತ್ತಲೇ ಇರುತ್ತದೆ. ಒಳಬಂದದ್ದು ಹೊರಹೋಗಲಾರದೆ ಕರುಳು ಊದಿ ಕಪ್ಪಿಡುತ್ತದೆ. ಬೆಳಿಗ್ಗೆ ಚೆಂಡು ಹಿಡಿದು ತಂದ ನಾಯಿ ಸಂಜೆಗೆ ಉಳಿಯದಿರಬಹುದು. ಇದರಲ್ಲೂ ಎರಡು ತುದಿಗಳಿಗೆ ತುಸು ಆಸರೆಯಿದೆ: ಡ್ಯುವೊಡೆನಮ್‌ಗೆ ಮೇಲಿನ ಸೀಲಿಯಾಕ್ ಅಪಧಮನಿಯ ಕವಲೊಂದು ಬಂದು ಸೇರುತ್ತದೆ, ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ಕಾಡಲ್ ಮೆಸೆಂಟರಿಕ್ ಅಪಧಮನಿ ಪ್ರತ್ಯೇಕವಾಗಿ ಇಳಿಯುತ್ತದೆ. ನಡುವಿನದಕ್ಕೆ ಮಾತ್ರ ಬೇರೆ ಗತಿಯಿಲ್ಲ.

ಇನ್ನು ಗೋಡೆಯ ಒಳಗೆ ಇಳಿಯೋಣ. ನಿಜವಾದ ಬೆರಗು ಶುರುವಾಗುವುದು ಅಲ್ಲಿ.

1880ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯಕ್ಕೆ ಅಮೆರಿಕದ ಅಯೊವಾದಿಂದ ಬಂದ ಇಪ್ಪತ್ತರ ಹರೆಯದ ಫ್ರಾಂಕ್ಲಿನ್ ಮಾಲ್ ಎಂಬ ಹುಡುಗ ಸೇರಿಕೊಂಡ. ಕೈಗೆತ್ತಿಕೊಂಡ ವಿಷಯ: ನಾಯಿಯ ಸಣ್ಣ ಕರುಳಿನಲ್ಲಿ ರಕ್ತ ಮತ್ತು ದುಗ್ಧರಸದ ದಾರಿಗಳು. ನಾಳಗಳಿಗೆ ಬಣ್ಣ ತುಂಬಿಸಿ, ಸೂಕ್ಷ್ಮದರ್ಶಕದಡಿ ಕವಲಿಂದ ಕವಲಿಗೆ ಹಿಂಬಾಲಿಸಿ ಹೋದ. ನೆಟ್ಟನೆಯ ಕಿರುನಾಳಗಳು ಸ್ನಾಯುಪದರವನ್ನು ಸುಮ್ಮನೆ ತೂರಿಕೊಂಡು, ಅದರಾಚೆಯ ಸಬ್‌ಮ್ಯುಕೋಸ ಎಂಬ ಪದರದಲ್ಲಿ ಜಾಲ ಹೆಣೆಯುವುದನ್ನು ಕಂಡ. ಅಲ್ಲಿಂದಲೇ ಒಳಗಿನ ಲೋಳೆಪೊರೆಗೂ ಹಂಚಿಕೆ, ಹಿಂದಿರುಗಿ ಸ್ನಾಯುವಿಗೂ ಹಂಚಿಕೆ! ದಾಟಿ ಬಂದ ಮನೆಗೆ ವಾಪಸು ಬಂದು ಬಡಿಸುವ ವ್ಯವಸ್ಥೆ.

ಮಾಲ್ ನಾಳಗಳ ದಾರಿ ಹುಡುಕಿದ್ದಷ್ಟೇ ಅಲ್ಲ, ಎಣಿಸಿಯೂ ಬಿಟ್ಟ. ಅವನ ಅಳತೆಗಳ ಮೇಲೆ ಮುಂದಿನವರು ಕಟ್ಟಿದ ಪಟ್ಟಿ ಶರೀರಕ್ರಿಯಾಶಾಸ್ತ್ರದ ಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತಾ ಬಂತು. 13 ಕಿಲೋ ತೂಕದ ನಾಯಿ. ಮಹಾಪಧಮನಿ 1, ದೊಡ್ಡ ಅಪಧಮನಿಗಳು 40, ಕವಲುಗಳು 600, ತುದಿಗವಲುಗಳು 1,800. ಇಲ್ಲಿಯವರೆಗೆ ಸರಿ. ಮುಂದಿನ ಸಾಲು ನೋಡಿ: ಕಿರು ಅಪಧಮನಿಗಳು 4 ಕೋಟಿ. ಅದರ ಮುಂದಿನದು: ಲೋಮನಾಳಗಳು 120 ಕೋಟಿ!

ಒಂದೊಂದು ಲೋಮನಾಳದ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ 8 ಭಾಗ, ಉದ್ದ 1 ಮಿ.ಮೀ. ಗುಣಿಸಿ ನೋಡಿದರೆ ಎಲ್ಲವನ್ನೂ ಸೇರಿಸಿದ ಉದ್ದ 1,200 ಕಿಲೋಮೀಟರ್ ಆಗುತ್ತದೆ. ಮಹಾಪಧಮನಿಯ ಬಾಯಿ ಒಂದು ಚದರ ಸೆಂಟಿಮೀಟರಿಗೂ ಕಡಿಮೆ. ಲೋಮನಾಳಗಳ ಬಾಯಿಗಳನ್ನೆಲ್ಲ ಕೂಡಿಸಿದರೆ ಸುಮಾರು 600. ಧಾವಿಸಿ ಬಂದ ರಕ್ತ ಇಲ್ಲಿ ತೆವಳುತ್ತದೆ. ತೆವಳಲೇಬೇಕು, ಇಲ್ಲದಿದ್ದರೆ ಆಹಾರದ ಸಾರವನ್ನು ಹೀರಿಕೊಳ್ಳಲು ಹೊತ್ತೆಲ್ಲಿ?

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿಯಲಿಲ್ಲ. ಬಾಲ್ಟಿಮೋರಿಗೆ ಬಂದ ಮಾಲ್ ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನ ಜೊತೆ ಸೇರಿದ. ನಾಯಿಗಳ ಕರುಳು ಕತ್ತರಿಸಿ ಜೋಡಿಸುತ್ತಾ ಹಾಲ್‌ಸ್ಟೆಡ್ 1887ರಲ್ಲಿ ತೋರಿಸಿಕೊಟ್ಟ: ಹೊಲಿಗೆ ಗಟ್ಟಿಯಾಗಿ ನಿಲ್ಲಬೇಕಾದರೆ ಸೂಜಿ ಸಬ್‌ಮ್ಯುಕೋಸವನ್ನು ಹಿಡಿಯಬೇಕು. ರಕ್ತದ ಜಾಲ ಹೆಣೆದುಕೊಂಡ ಪದರವೇ ಬಲವಾದ ಪದರ! ಕರುಳು ಹೊಲಿಯುವವರು ಇಂದಿಗೂ ಪಾಲಿಸುವ ನಿಯಮ ಇದು.

ಜಾಲದಿಂದ ಹೊರಟ ಸೂಕ್ಷ್ಮನಾಳ ವಿಲ್ಲಸ್ ಎಂಬ ಪುಟ್ಟ ಎಸಳಿನೊಳಗೆ ತುದಿಯವರೆಗೆ ಏರಿ, ಅಲ್ಲಿ ಬಲೆಯಾಗಿ ಒಡೆದು, ಅಭಿಧಮನಿಯಾಗಿ ಇಳಿಯುತ್ತದೆ. ಏರುವ ರಕ್ತ, ಇಳಿಯುವ ರಕ್ತ ಅಕ್ಕಪಕ್ಕದಲ್ಲೇ. ಆಮ್ಲಜನಕದ ಒಂದಿಷ್ಟು ಪಾಲು ತುದಿ ಮುಟ್ಟುವ ಮೊದಲೇ ಅಡ್ಡದಾರಿಯಲ್ಲಿ ಸೋರಿ ಹೋಗುತ್ತದೆ. ರಕ್ತ ಕಡಿಮೆಯಾದಾಗ ಎಸಳಿನ ತುದಿ ಮೊದಲು ಸಾಯುವುದು ಇದರಿಂದಲೇ.

ಎಸಳಿನ ನಡುವೆ ಇನ್ನೊಂದು ನಾಳವೂ ಇದೆ. ಅದು ಕಣ್ಣಿಗೆ ಬಿದ್ದದ್ದು 1622ರ ಜುಲೈ 23ರಂದು, ಇಟಲಿಯಲ್ಲಿ. ಗಾಸ್ಪಾರೆ ಅಸೆಲ್ಲಿ ಆಗತಾನೆ ಉಂಡ ನಾಯಿಯನ್ನು ಜೀವಂತವಾಗಿಯೇ ಸೀಳಿದ್ದ (ಅರಿವಳಿಕೆ ಬರಲು ಇನ್ನೂ ಎರಡು ಶತಮಾನ ಬಾಕಿಯಿತ್ತು, ಓದುವಾಗ ಬೆರಗಿನ ಜೊತೆಗೇ ಹೊಟ್ಟೆ ತೊಳಸುತ್ತದೆ). ಹುಡುಕುತ್ತಿದ್ದದ್ದು ಬೇರೆ ಏನನ್ನೋ. ಕರುಳನ್ನು ಬದಿಗೆ ಸರಿಸಿದರೆ ಮೆಸೆಂಟರಿಯ ತುಂಬ ಬಿಳಿ ಎಳೆಗಳು! ನರಗಳಿರಬೇಕು ಎಂದುಕೊಂಡ. ಒಂದನ್ನು ಚುಚ್ಚಿದ. ಹಾಲಿನಂಥ ದ್ರವ ಚಿಮ್ಮಿತು. ಹಸಿದ ನಾಯಿಯಲ್ಲಿ ಹುಡುಕಿದಾಗ ಮಾತ್ರ ಏನೂ ಕಾಣಲಿಲ್ಲ. ಕೊಬ್ಬು ಹೋಗುವುದು ಆ ಬಿಳಿ ದಾರಿಯಲ್ಲಿ. ಸಕ್ಕರೆ, ಅಮೈನೊ ಆಮ್ಲಗಳು ರಕ್ತದ ದಾರಿಯಲ್ಲಿ.

ರಕ್ತದ ದಾರಿಯೂ ನೇರ ಹೃದಯಕ್ಕಲ್ಲ, ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತಿಗೆ. ಆ ಸುತ್ತುದಾರಿ ಏಕೆ ಬೇಕು? 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್ ನಾಯಿಗಳಲ್ಲಿ ಪೋರ್ಟಲ್ ರಕ್ತವನ್ನು ಯಕೃತ್ತು ತಪ್ಪಿಸಿ ಮಹಾ ಅಭಿಧಮನಿಗೆ ಜೋಡಿಸಿದ. 1893ರಲ್ಲಿ ಪಾವ್ಲೊವ್ ಮತ್ತು ಸಂಗಡಿಗರು ಅಂಥ ನಾಯಿಗಳಿಗೆ ಮಾಂಸ ಹಾಕಿದಾಗ ಅವು ತೂರಾಡಿದವು, ಸೆಳವು ಬಂದು ಬಿದ್ದವು. ಹುಟ್ಟಿನಿಂದಲೇ ಇಂಥ ಅಡ್ಡದಾರಿ ಇರುವ ಯಾರ್ಕ್‌ಶೈರ್ ಟೆರಿಯರ್ ಮರಿಗಳು ಉಂಡ ಮೇಲೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುವುದೂ ಇದೇ ಕಾರಣಕ್ಕೆ. ಯಕೃತ್ತು ಅಳಿಸಬೇಕಿದ್ದ ಅಮೋನಿಯ ನೇರ ಮಿದುಳಿಗೆ ಹೋಗಿರುತ್ತದೆ.

ಓಡುವಾಗ ಈ ಕರುಳಿನ ಗತಿಯೇನು? ಮನುಷ್ಯ ಜೋರಾಗಿ ಓಡಿದರೆ ಹೊಟ್ಟೆಯ ರಕ್ತ ಕಡಿತವಾಗಿ ಕಾಲಿಗೆ ಸಲ್ಲುತ್ತದೆ. ನಾಯಿಯೂ ಹಾಗೇ ಇರಬೇಕು ಅನ್ನಿಸುತ್ತದಲ್ಲವೇ? ರಾಬರ್ಟ್ ವ್ಯಾನ್ ಸಿಟರ್ಸ್, ಡೀನ್ ಫ್ರಾಂಕ್ಲಿನ್ ಇಬ್ಬರೂ ಅಲಾಸ್ಕಾದ ಜಾರುಬಂಡಿ ನಾಯಿಗಳ ನಾಳಗಳಿಗೆ ಪುಟ್ಟ ಹರಿವುಮಾಪಕ ತೊಡಿಸಿ, ಓಡಲು ಬಿಟ್ಟು, ಅಳತೆಗಳನ್ನು ರೇಡಿಯೊದಲ್ಲಿ ಹಿಡಿದರು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೃದಯ ನಿಮಿಷಕ್ಕೆ 300ರ ಸಮೀಪ ಬಡಿಯುತ್ತಿದ್ದಾಗಲೂ ಕರುಳಿನ ರಕ್ತ ಹೆಚ್ಚುಕಡಿಮೆ ಹಾಗೇ ಹರಿಯುತ್ತಿತ್ತು! ಓಟದ ಸಾಲ ತೀರಿಸುತ್ತಿದ್ದವರು ಯಾರು? ಗುಲ್ಮ. ನಾಯಿಯ ಗುಲ್ಮ ಕೆಂಪು ರಕ್ತಕಣಗಳ ಕಣಜ. ಓಡುವಾಗ ಕುಗ್ಗಿ ಅವನ್ನು ಹೊರಗೆ ತಳ್ಳುತ್ತದೆ, ಅಷ್ಟೇ ರಕ್ತದಲ್ಲಿ ಹೆಚ್ಚು ಆಮ್ಲಜನಕ ಸಾಗುತ್ತದೆ. 1974ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಗುಲ್ಮ ತೆಗೆದ ನಾಯಿಗಳನ್ನು ಓಡಿಸಿ ನೋಡಿದಾಗ ಕರುಳಿನ ಹರಿವು ಇಳಿಯಿತು.