ಪೆನ್‌ಡ್ರೈವ್‌ನಲ್ಲೇ ಉಳಿದ ತಾತ

ನಾನು ಪಿಯುಸಿಯಲ್ಲಿದ್ದಾಗ ತಾತ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಭಾಗವಹಿಸಿ ನಾಲ್ಕು ಪುಸ್ತಕ ಗೆದ್ದಿದ್ದರು. ಸಂಜಯನಗರದ ನಮ್ಮ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ ಅದನ್ನು ರೆಕಾರ್ಡ್ ಮಾಡಿದ್ದು ನಾನೇ.

ಈಗ ತಾತ ಇಲ್ಲ. ಮೊನ್ನೆ ಆ ಬಾಕ್ಸ್ ಕೂಡ ಕೆಟ್ಟಿತು. ಹೊಸದು ತಂದು ಪೆನ್‌ಡ್ರೈವ್ ಹಾಕಿದರೆ ಓಪನ್ ಆಗಲಿಲ್ಲ, ಲ್ಯಾಪ್‌ಟಾಪ್‌ನಲ್ಲೂ ಇಲ್ಲ. ಯೂಟ್ಯೂಬ್‌ನಲ್ಲಿ ಹುಡುಕಿದರೂ ಆ ಸಂಚಿಕೆ ಸಿಗಲಿಲ್ಲ. ‘ಎಂಜಿನಿಯರಿಂಗ್ ಓದ್ತೀಯ, ಇಷ್ಟು ಮಾಡಕ್ಕಾಗಲ್ವಾ?’ ಎಂದರು ಅಜ್ಜಿ.

ಆಗ ತಿಳಿಯಿತು: ಡಿಟಿಎಚ್ ಬಾಕ್ಸ್‌ಗಳು ಸಾಮಾನ್ಯವಾಗಿ ರೆಕಾರ್ಡಿಂಗ್‌ಗೆ ಬೀಗ ಹಾಕಿಯೇ ಉಳಿಸುತ್ತವೆ. ಕೀಲಿ ಇರುವುದು ಆ ಬಾಕ್ಸ್‌ನೊಳಗೆ. ಬಾಕ್ಸ್ ಹೋದರೆ ಕೀಲಿಯೂ ಹೋಯಿತು.

ಹಾಗಾಗಿ ರೆಕಾರ್ಡರ್ ಕೊಳ್ಳುವಾಗ ಬರೀ ಜಿಬಿ ನೋಡಬೇಡಿ. ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್‌ಡಿ ವಾಹಿನಿಗೆ ಗಂಟೆಗೆ 3.6 ಜಿಬಿ ಸಾಕು. 500 ಜಿಬಿಯಲ್ಲಿ 130 ಗಂಟೆಗೂ ಹೆಚ್ಚು ಹಿಡಿಸುತ್ತದೆ. ಒಂದು ವಾಹಿನಿ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬೇಕಿದ್ದರೆ ಎರಡು ಟ್ಯೂನರ್ ಇದೆಯೇ ನೋಡಿ. ಎಲ್ಲಕ್ಕಿಂತ ಮೊದಲು ಅಂಗಡಿಯವರನ್ನು ಕೇಳಿ: ‘ಇದರ ಫೈಲ್ ಬೇರೆ ಕಡೆ ಪ್ಲೇ ಆಗುತ್ತಾ?’ ಉಚಿತ ವಾಹಿನಿಗಳ ಕೆಲವು ಬಾಕ್ಸ್‌ಗಳಲ್ಲಿ ಆಗುತ್ತದೆ.

ಕೆಟ್ಟ ಬಾಕ್ಸನ್ನು ಗುಜರಿಗೆ ಹಾಕಲು ಅಜ್ಜಿ ಬಿಟ್ಟಿಲ್ಲ. ರಿಪೇರಿಯಾದರೆ ತಾತ ಮತ್ತೊಮ್ಮೆ ಥಟ್ ಅಂತ ಉತ್ತರ ಹೇಳಬಹುದು.